ತೌಡಿನ ಭರಣಿಯಲ್ಲಿ ಯಾರ ಕೈ

ಮಂಡಿಯ ಆಪರೇಷನ್ನಿಗೆ ಆಸ್ಪತ್ರೆ ಸೇರುವ ಹಿಂದಿನ ದಿನ ತೊಮಿಯೆ ನನ್ನನ್ನು ತಮ್ಮ ಊಟದಂಗಡಿಯ ಒಳಕೋಣೆಗೆ ಕರೆದು ಭರಣಿಯ ಮುಚ್ಚಳ ತೆಗೆದರು. ಒದ್ದೆ ಮರಳಿನಂಥ ಅಕ್ಕಿ ತೌಡು, ಉಪ್ಪು ಹುಳಿಗಳ ಘಾಟು. ಸಂಜೆ ಅದರಲ್ಲಿ ಹೂತ ಸೌತೆ, ಮೂಲಂಗಿ, ಬದನೆ ಬೆಳಗಾಗುವಷ್ಟರಲ್ಲಿ ಉಪ್ಪಿನಕಾಯಿಯಾಗುತ್ತವೆ. ಅದು ಅವರ ಅತ್ತೆ ಹಾಕಿದ ತೌಡು. ಕಡಿಮೆಯಾದಷ್ಟು ಹೊಸದನ್ನು ಸೇರಿಸುತ್ತ, ಮೊಸರಿನ ಹೆಪ್ಪಿನಂತೆ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದರು.

"ದಿನಾ ತಳದಿಂದ ಕಲಸ್ಬೇಕು ಕುವಾಬಾರಾ ಸಾನ್. ಬೇಸಿಗೆ ಬೇರೆ. ಇದು ಕೆಟ್ರೆ ನಾನು ಅಂಗಡಿ ಮತ್ತೆ ತೆಗೆಯಲ್ಲ. ಹೊಸದಾಗಿ ಶುರು ಮಾಡೋ ಹುಮ್ಮಸ್ಸು ಈಗಿಲ್ಲ."

ನಾನು ಒಪ್ಪಿಕೊಂಡೆ. ಒಪ್ಪದೆ ಹೇಗಿರಲಿ? ಕ್ಯೋಜಿಮಾದ ನಮ್ಮ ಓಣಿಯಲ್ಲಿ ಒಂಟಿಯಾಗಿ ಉಣ್ಣುವವರೇ ಹೆಚ್ಚು. ಏಳುನೂರು ಯೆನ್ನಿಗೆ ಹುದುಗಿಸಿದ ಸೋಯಾದ ಮಿಸೊದಲ್ಲಿ ಬೇಯಿಸಿದ ಬಂಗಡೆ, ಹೊಗೆಯಾಡುವ ಅನ್ನ, ತೋಫು ಹಾಕಿದ ಸಾರು, ಕೊನೆಗೆ ಆ ಉಪ್ಪಿನಕಾಯಿಯ ಪುಟ್ಟ ತಟ್ಟೆ. ಬಂಗಡೆ ಬೇರೆಡೆಯೂ ಸಿಗುತ್ತದೆ. ಆದರೆ ಆ ಉಪ್ಪಿನಕಾಯಿಯನ್ನು ಕಟುಂ ಎಂದು ಕಚ್ಚಿದಾಗಲೇ ನನಗೆ ಮಧ್ಯಾಹ್ನವಾದಂತೆ ಅನ್ನಿಸುತ್ತಿತ್ತು.

ಸುದ್ದಿ ಅಂದೇ ಹರಡಿತು. ನಾನು ನಿವೃತ್ತನಾಗುವವರೆಗೆ ನಗರದ ನೀರು ಶುದ್ಧಿ ಘಟಕದಲ್ಲಿದ್ದವನು. ಬಿಯರ್ ಮಾರುವ ಇಸೊಗಾಯ್ ಅಂಗಡಿ ಬಾಗಿಲಲ್ಲೇ ನನ್ನನ್ನು ತಡೆದ.

"ಏನ್ರೀ ವಿಜ್ಞಾನಿಗಳೇ, ಇಡೀ ನೌಕರಿ ಕ್ರಿಮಿ ಸಾಯ್ಸಿದ್ರಿ, ಈಗ ಸಾಕೋಕೆ ಹೊರಟ್ರಾ?"

ಕ್ಷೌರದಂಗಡಿಯ ಫುಮಿಯೊ ನಗಲಿಲ್ಲ. ಕೈಗೆ ಯಾವ ಸೋಪು ಹಾಕುತ್ತೀರಿ ಎಂದಷ್ಟೇ ಮೆಲ್ಲಗೆ ವಿಚಾರಿಸಿದಳು.

ಮೊದಲ ಕೆಲವು ದಿನ ಎಲ್ಲ ಚೆನ್ನಾಗಿತ್ತು. ಬೆಳಿಗ್ಗೆ ಅಂಗಿಯ ತೋಳು ಮಡಚಿ ತಳದ ತೌಡನ್ನು ಮೇಲಕ್ಕೆ, ಮೇಲಿನದನ್ನು ತಳಕ್ಕೆ ಹಾಕಿ, ಅಂಗೈಯಿಂದ ತಟ್ಟಿ ಸಮ ಮಾಡುತ್ತಿದ್ದೆ. ಆಮೇಲೆ ಸೆಕೆ ಏರಿತು, ಹುಳಿಯೂ ಏರಿತು. ಆಮ್ಲವನ್ನು ತಗ್ಗಿಸಲು ಸುಣ್ಣದ ಅಂಶ ಬೇಕು. ಮೊಟ್ಟೆಯ ಸಿಪ್ಪೆ ತೊಳೆದು, ಹುರಿದು, ಪುಡಿ ಮಾಡಿ ಬೆರೆಸಿದೆ. ಒಂದು ಬೆಳಿಗ್ಗೆ ಬೆರಳಿಗೆ ಏನೋ ಸಿಕ್ಕಿತು. ಎಳೆದು ನೋಡಿದರೆ ಪರ್ಸಿಮನ್ ಎಂಬ ಸಿಹಿ ಹಣ್ಣಿನ ಒಣಗಿದ ಸಿಪ್ಪೆ. ಫುಮಿಯೊ ಪ್ರತಿ ಚಳಿಗಾಲ ಅದನ್ನು ಕಿಟಕಿಗೆ ತೂಗುಹಾಕಿ ಒಣಗಿಸುವುದನ್ನು ಓಣಿಯೆಲ್ಲ ನೋಡಿದೆ. ತೊಮಿಯೆಯವರ ಊಟದಂಗಡಿಯ ಹಿಂಬಾಗಿಲಿಗೆ ಬೀಗ ಹಾಕಿದ್ದನ್ನು ಮಾತ್ರ ಯಾರೂ ನೋಡಿಲ್ಲ.

ಕೇಳಬಹುದಿತ್ತು. ಆದರೆ ಕೇಳಿದರೆ ಅವಳಿಗೆ ಮುಜುಗರ. ನನ್ನ ಕೈಯ ಮೇಲೆ ನಂಬಿಕೆಯಿಲ್ಲವೆಂದು ಅವಳ ಬಾಯಿಂದಲೇ ಹೇಳಿಸಿದಂತಾಗುತ್ತದೆ. ಸಿಪ್ಪೆಯನ್ನು ಮತ್ತೆ ಹೂತೆ. ಅದಾಗಿ ಸ್ವಲ್ಪ ದಿನಕ್ಕೆ ತೌಡು ಬಿಯರಿನ ವಾಸನೆ ಬೀರತೊಡಗಿತು. ಅದನ್ನೂ ನಾನು ಕೇಳಲಿಲ್ಲ. ನನ್ನ ಮೊಟ್ಟೆಯ ಸಿಪ್ಪೆ ಕೈಗೆ ತಗಲಿದಾಗ ಅವರೂ ಕೇಳಲಿಲ್ಲ. ಹೀಗೆ ಮೂವರೂ ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತ ಆ ತೌಡನ್ನು ಎತ್ತಲೋ ಕೊಂಡೊಯ್ದೆವು. ಅದು ಕೆಟ್ಟಿರಲಿಲ್ಲ ನಿಜ, ಆದರೆ ಹಳೆಯ ರುಚಿಯ ಗುರುತು ಅದರಲ್ಲಿ ಉಳಿದಿರಲಿಲ್ಲ.

ಆಸ್ಪತ್ರೆಯಿಂದ ಮರಳಿದ ದಿನ ತೊಮಿಯೆ ಕೋಲೂರಿಕೊಂಡು ಅಂಗಡಿಗೆ ಬಂದವರು ಗಿರಾಕಿಗಳ ಕಡೆಯ ಸ್ಟೂಲಿನಲ್ಲಿ ಕುಳಿತರು. ನಾನು ಸೌತೆಕಾಯಿ ತೆಗೆದು ತೊಳೆದು ಹೆಚ್ಚಿದೆ. ಕರೆಯದಿದ್ದರೂ ಇಸೊಗಾಯ್, ಫುಮಿಯೊ ಬಂದು ಗೋಡೆಗೆ ಆತು ನಿಂತಿದ್ದರು. ತೊಮಿಯೆ ಒಂದು ಹೋಳು ಬಾಯಿಗಿಟ್ಟರು. ಅಗಿದರು. ಎರಡನೆಯದನ್ನು ಮೂಸಿ ನೋಡಿದರು.

"ಬಿಯರ್ ಯಾರು ಹಾಕಿದ್ದು?"

ಇಸೊಗಾಯ್ ಫ್ಯಾನು ನೋಡತೊಡಗಿದ.

"ಈ ಸಿಹಿ ಫುಮಿಯೊದು."

ಫುಮಿಯೊ ಸೊಂಟ ಬಗ್ಗಿಸಿ ಕ್ಷಮೆ ಕೇಳಿದಳು. ಅವಳ ಹಿಂದೆಯೇ ನಾನೂ ಬಗ್ಗಿದೆ. ಭರಣಿಯನ್ನು ವಹಿಸಿಕೊಂಡವನು ನಾನು, ಗೊತ್ತಿದ್ದೂ ಸುಮ್ಮನಿದ್ದವನೂ ನಾನೇ, ಅತ್ತೆಯವರ ರುಚಿ ಹಾಳಾಗಿದ್ದರೆ ತಪ್ಪು ನನ್ನದು ಎಂದೆ. ಅಂಗಡಿಯ ಮಾತನ್ನು ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ.

ತೊಮಿಯೆ ಮೂರನೆಯ ಹೋಳು ತೆಗೆದುಕೊಂಡರು. ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದುಕೊಂಡೆ, ನಗುತ್ತಿದ್ದರು.

"ಅತ್ತೆ ಎಲ್ಲೂ ಕಾಣ್ತಾನೇ ಇಲ್ವಲ್ಲ," ಎಂದರು. "ಅವ್ರು ತೀರಿಕೊಂಡ ಮೇಲೂ ದಿನಾ ಕೈ ಹಾಕ್ದಾಗ ಒಳಗಿಂದ 'ಉಪ್ಪು ಕಮ್ಮಿ, ನಿನ್ ಕೈ ಬಿಸಿ' ಅಂತಾನೇ ಇದ್ರು. ಎಸೆಯೋ ಹಾಗಿಲ್ಲ, ಬದಲಾಯಿಸೋ ಹಾಗಿಲ್ಲ. ನೀವು ಮೂರು ಜನ ಸೇರ್ಕೊಂಡು ಅವ್ರನ್ನ ಕಳಿಸಿಕೊಟ್ರಿ."

ಹಾಗಾದರೆ ಅಂಗಡಿ, ಎಂದು ಇಸೊಗಾಯ್ ಫ್ಯಾನನ್ನೇ ಕೇಳಿದ.

"ಸೋಮವಾರ ತೆಗೀತೀನಿ. ಬೆಳಿಗ್ಗೆ ಒಂದು ಬಾಟಲಿ ತಗೊಂಡ್ ಬಾ. ಈ ಸಲ ಹಿಂಬಾಗಿಲಿಂದ ಬೇಡ."

ಗೋಡೆಯ ಗೂಡಿನಲ್ಲಿದ್ದ ಅತ್ತೆಯವರ ಫೋಟೋಗೂ ಅವರು ತಟ್ಟೆಯಲ್ಲಿ ಎರಡು ಹೋಳು ಇಟ್ಟು ಕೈಮುಗಿದರು. ಮುಖದಲ್ಲಿ ನಗು ಇನ್ನೂ ಆರಿರಲಿಲ್ಲ.

ಸೋಮವಾರ ಮಧ್ಯಾಹ್ನ ಕೂರಲು ಜಾಗವಿರಲಿಲ್ಲ. ಬಂಗಡೆ ಎಂದಿನಂತೆಯೇ ಇತ್ತು. ಉಪ್ಪಿನಕಾಯಿ ಬೇರೆಯಾಗಿದೆಯಲ್ಲ ಎಂದು ಕೆಲವರು ಹುಬ್ಬೇರಿಸಿದರು, ಬೇರೆಯಾಗಿದೆ ಎನ್ನುತ್ತಲೇ ಇನ್ನೊಂದು ತಟ್ಟೆ ಕೇಳಿದರು. ನಾನು ಮೂಲೆಯ ಸ್ಟೂಲಿನಲ್ಲಿ ಕುಳಿತು ಬದನೆಯ ಹೋಳನ್ನು ಕಚ್ಚಿದೆ. ಮೆತ್ತಗಿನ ಬದನೆಯಲ್ಲಿ ಸಣ್ಣಗೆ ಕರಕರ ಎಂದಿತು.

ಸಾರು ಬಡಿಸುತ್ತಿದ್ದ ತೊಮಿಯೆ ಬಗ್ಗಿ, ಬೇರೆಯವರಿಗೆ ಕೇಳದಂತೆ ಹೇಳಿದರು: "ಮೊಟ್ಟೆ ಸಿಪ್ಪೆ ಇನ್ನೂ ನುಣ್ಣಗೆ ಅರೀಬೇಕು ಕುವಾಬಾರಾ ಸಾನ್. ನಾಳೆ ಬೆಳಿಗ್ಗೆ ಬನ್ನಿ, ತೋರಿಸ್ತೀನಿ."