ನಾವು ಹಿಂದೆ ಇದ್ದಾಗ

ನಾನು ಚಿಕ್ಕವಳಿದ್ದಾಗ ಅಮ್ಮನ ಕಥೆಗಳೆಲ್ಲ ಒಂದೇ ಮಾತಿನಿಂದ ಶುರುವಾಗುತ್ತಿದ್ದವು. "ನಾವು ಹಿಂದೆ ಇದ್ದಾಗ..." ಎಂದು ಅವಳು ಬಾಯಿ ತೆರೆದರೆ ಸಾಕು, ನಾನೂ ನನ್ನ ತಮ್ಮನೂ ಊಟದ ತಟ್ಟೆ ಹಿಡಿದು ಅವಳ ಹತ್ತಿರ ಸರಿಯುತ್ತಿದ್ದೆವು.

ಅಮ್ಮನ ಅಪ್ಪ ಒಂದು ದೊಡ್ಡ ಬಂಗಲೆಯಲ್ಲಿ ತೋಟದ ಕೆಲಸಕ್ಕಿದ್ದರು. ಅವಳ ಅಮ್ಮ ಅಲ್ಲಿಯ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಿದ್ದರು. ಅಮ್ಮ ಹುಟ್ಟಿದ್ದು, ಹಾಲುಹಲ್ಲು ಬಿದ್ದದ್ದು, ಸೈಕಲ್ಲಿನಿಂದ ಬಿದ್ದು ಗಲ್ಲ ಒಡೆದುಕೊಂಡದ್ದು ಎಲ್ಲ ಆ ಆವರಣದಲ್ಲೇ. ಅವಳು ಹೇಳುತ್ತಿದ್ದ ಬಂಗಲೆ ನನಗೆ ನಮ್ಮ ಮನೆಗಿಂತ ಚೆನ್ನಾಗಿ ಗೊತ್ತಿತ್ತು. ಕೆಂಪು ಗೋಡೆ. ಇಸ್ತ್ರಿ ಕೋಣೆಯ ಕೆಂಡದ ಬಿಸಿ. ನೀಲಿ ಹಾಕಿ ಒಣಗಿಸಿದ ಚಾದರಗಳ ನಡುವೆ ಕಣ್ಣಾಮುಚ್ಚಾಲೆ. ಅಡುಗೆಯವಳು ಯಾರೂ ನೋಡದಾಗ ಕಿಟಕಿಯಿಂದ ಕೈಗೆ ಹಾಕುತ್ತಿದ್ದ ಕೇಕಿನ ಸೀದ ಅಂಚು. ಕೆಲಸದವರನ್ನು ಕರೆಯಲು ಗೋಡೆಯ ಮೇಲೆ ಸಾಲಾಗಿ ತೂಗುತ್ತಿದ್ದ ಗಂಟೆಗಳು, ಒಂದೊಂದಕ್ಕೂ ಒಂದೊಂದು ದನಿ. ಆ ದನಿಗಳನ್ನೆಲ್ಲ ಅಮ್ಮ ಬಾಯಲ್ಲೇ ಬಾರಿಸಿ ತೋರಿಸುತ್ತಿದ್ದಳು. ತಮ್ಮ ನಕ್ಕು ನಕ್ಕು ನೀರು ನೆತ್ತಿಗೆ ಹತ್ತಿಸಿಕೊಳ್ಳುತ್ತಿದ್ದ.

ಅದೇ ತಮ್ಮ ಈಗ ತಲೆ ನರೆಯುವ ವಯಸ್ಸಿಗೆ ಬಂದಿದ್ದಾನೆ, ಹೆದರಿಕೊಂಡಿದ್ದಾನೆ. ನನ್ನ ಜೊತೆಗೇ ಇರುವ ಅಮ್ಮ ಇತ್ತೀಚೆಗೆ ಹಾಲು ಉಕ್ಕಿಸುತ್ತಾಳೆ, ಮೊಮ್ಮಗಳನ್ನು ನನ್ನ ಹೆಸರಿನಿಂದ ಕರೆಯುತ್ತಾಳೆ. ಇಷ್ಟಕ್ಕೆಲ್ಲ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಒಂದು ಸಂಜೆ ಮಾರುಕಟ್ಟೆಯಿಂದ ಬರುವಾಗ ಪಕ್ಕದ ಬೀದಿಗೆ ತಿರುಗಿ, ಯಾರದೋ ಮನೆಯ ಗೇಟು ತೆಗೆದು, ಅವರ ಮೆಟ್ಟಿಲ ಮೇಲೆ ತರಕಾರಿ ಚೀಲ ಇಟ್ಟು ನನ್ನನ್ನು ಕೂಗಿದಳಂತೆ. ಆ ಮನೆಯವರೇ ಕರೆದುಕೊಂಡು ಬಂದು ಬಿಟ್ಟರು.

"ಅಕ್ಕ, ಇನ್ಮೇಲೆ ಅಮ್ಮನ್ನ ಒಬ್ಬಳನ್ನೇ ಹೊರಗೆ ಕಳಿಸ್ಬೇಡ" ಎಂದ ತಮ್ಮ.

ಸಂಜೆ ಚೀಲ ಹಿಡಿದು ಹೊರಡುವುದು, ಟೊಮೆಟೊ ಒತ್ತಿ ನೋಡಿ ಅಂಗಡಿಯವನ ಹತ್ತಿರ ಬೈಸಿಕೊಳ್ಳುವುದು, ತಿರುಗಿ ಬೈಯುವುದು, ಅಮ್ಮನ ದಿನವೆಂದರೆ ಅದೇ. ಅದನ್ನು ಕಿತ್ತುಕೊಂಡರೆ ಅವಳು ಕುರ್ಚಿಗೆ ಅಂಟಿಬಿಡುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಆ ಬಂಗಲೆಯನ್ನೂ ತೋಟವನ್ನೂ ಈಗ ಟಿಕೆಟ್ ಇಟ್ಟು ಜನರಿಗೆ ತೋರಿಸುತ್ತಾರೆಂದು ಕೇಳಿದ್ದೆ. "ಒಂದ್ಸಲ ಅಲ್ಲಿಗೆ ಕರ್ಕೊಂಡು ಹೋಗೋಣ, ಆಮೇಲೆ ತೀರ್ಮಾನ ಮಾಡೋಣ" ಎಂದೆ. ಅದು ಪರೀಕ್ಷೆ ಎಂದು ನಾನೂ ಹೇಳಲಿಲ್ಲ, ಅವನೂ ಹೇಳಲಿಲ್ಲ.

ಭಾನುವಾರ ತಮ್ಮನ ಕಾರಿನಲ್ಲಿ ಹೊರಟೆವು. ನನ್ನ ಮಗಳು ಮುಂದಿನ ಸೀಟು ಹಿಡಿದಳು. ಅಮ್ಮ ಹೊಸ ಚಪ್ಪಲಿ ಹಾಕಿಕೊಂಡು, ಮಡಿಲಲ್ಲಿ ಬುತ್ತಿಯ ಡಬ್ಬ ಇಟ್ಟುಕೊಂಡು, ಮದುವೆಗೆ ಹೊರಟವಳ ಹಾಗೆ ಕೂತಿದ್ದಳು.

ದೊಡ್ಡ ಕಬ್ಬಿಣದ ಗೇಟು ದಾಟಿ ಜಲ್ಲಿ ಹಾಸಿದ ದಾರಿಯಲ್ಲಿ ನಡೆದೆವು. ಬಾಚಿದ ಹಾಗಿದ್ದ ಹುಲ್ಲುಹಾಸು, ಕಾರಂಜಿ, ಆಚೆ ಅಗಲವಾದ ಮೆಟ್ಟಿಲು, ಬಿಳಿ ಕಂಬಗಳು, ಬಿಳಿ ಬಂಗಲೆ.

"ಗುರುತು ಸಿಕ್ತಾ ಅಮ್ಮ?"

"ಯಾವುದರದ್ದೇ?"

"ಬಂಗಲೆದು! ನಿನ್ನ ಬಂಗಲೆ ಅಲ್ವಾ ಇದು?"

ಅಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಬೇಜಾರು ಮಾಡಬಾರದೆಂದು ಮೆತ್ತಗೆ ಹೇಳಿದಳು: "ಇದಲ್ಲ ಕಣೇ. ನೀವು ಎಲ್ಲೋ ಬೇರೆ ಕಡೆ ಕರ್ಕೊಂಡು ಬಂದಿದ್ದೀರ. ಚೆನ್ನಾಗಿದೆ, ಪರವಾಗಿಲ್ಲ. ನಮ್ಮದು ಕೆಂಪು ಬಂಗಲೆ."

ತಮ್ಮ ನನ್ನ ಮುಖ ನೋಡಿದ. ಟಿಕೆಟ್ ಹರಿಯುತ್ತಿದ್ದವನ ಹತ್ತಿರ ಹೋಗಿ ಏನೋ ಕೇಳಿದ. ಅವನ ಉತ್ತರ ನನಗೂ ಕೇಳಿಸಿತು. "ಬಣ್ಣ ಬದಲಾಯ್ಸಿಲ್ಲ ಸಾರ್. ಕಟ್ಟಿದಾಗಿನಿಂದ ಬಿಳಿನೇ."

"ಕಾರಂಜಿ ನೆನಪಿಲ್ವಾ ಅಮ್ಮ? ಈ ಕಂಬಗಳು?" ನಾನು ಬಿಡಲಿಲ್ಲ.

"ಇಲ್ಲದ್ದನ್ನ ಹೇಗೆ ನೆನಪು ಮಾಡ್ಕೊಳ್ಳಲಿ? ಸುಮ್ನೆ ಹೂಂ ಅನ್ಲಾ?"

ಮರದ ನೆರಳಿನಲ್ಲಿ ಚಾಪೆ ಹಾಸಿ ಕೂತೆವು. ಅಮ್ಮ ಅಪರಿಚಿತರ ಮನೆಗೆ ಬಂದ ನೆಂಟರ ಹಾಗೆ ಕಾಲು ಮಡಚಿ ಕೂತು, ಕೊಟ್ಟದ್ದನ್ನು ತಿಂದು, ಹೂವು ಚೆನ್ನಾಗಿವೆ ಎಂದಳು. ಅವಳ ಅಪ್ಪ ನೀರು ಹಾಕಿದ ನೆಲ ಅದು. ನಾನು ಮೊಟ್ಟೆಯ ಸಿಪ್ಪೆ ಸುಲಿಯುತ್ತಾ ತಲೆ ಎತ್ತಲಿಲ್ಲ. ತಮ್ಮ ಬಗ್ಗಿ, "ಹಳೇದೂ ಹೋಯ್ತು ಅಂದ್ರೆ ಏನ್ ಮಾಡೋದು ಅಕ್ಕ?" ಎಂದು ಪಿಸುಗುಟ್ಟಿದ. ಉಪ್ಪಿನ ಡಬ್ಬಿ ಕೊಡು ಎಂದೆ.

ಅಷ್ಟರಲ್ಲಿ ಮಗಳಿಗೆ ಬಾತ್‌ರೂಮಿಗೆ ಹೋಗಬೇಕಾಯಿತು. "ನಾನೂ ಬರ್ತೀನಿ, ಕಾಲು ಜೋಮು ಹಿಡೀತು" ಎಂದು ಅಮ್ಮನೂ ಎದ್ದಳು. ಬಾಣದ ಗುರುತು ಬಂಗಲೆಯ ಮಗ್ಗುಲಿಗೆ ಕರೆದೊಯ್ಯಿತು. ಮೂಲೆ ತಿರುಗಿದ ಕೂಡಲೇ ಬಿಳಿ ಗಾರೆ ಚಾಕುವಿನಿಂದ ಕತ್ತರಿಸಿದ ಹಾಗೆ ನಿಂತಿತ್ತು. ಅಲ್ಲಿಂದಾಚೆಗೆ ಬರಿಯ ಇಟ್ಟಿಗೆ. ಕೆಂಪು ಇಟ್ಟಿಗೆ.

"ಹುಷಾರು, ಅಲ್ಲಿ ಜಾರತ್ತೆ" ಎಂದಳು ಅಮ್ಮ.

ನೆಲ ಒಣಗಿತ್ತು. ಆದರೆ ಎರಡು ಹೆಜ್ಜೆ ಮುಂದಿಟ್ಟರೆ ನಿಜವಾಗಿಯೂ ಒಂದು ಕಲ್ಲಿನ ಮೋರಿ, ಒಗೆಯುವ ಅಂಗಳದಿಂದ ನೀರು ಹರಿದು ಹರಿದು ನುಣುಪಾದದ್ದು. ಅಮ್ಮ ಅದನ್ನು ನೋಡದೆಯೇ ದಾಟಿದಳು. ಅವಳ ನಡಿಗೆ ಬದಲಾಗಿತ್ತು. ನಾವು ಹಿಂದೆ ಬೀಳುವಷ್ಟು.

"ನೋಡೇ, ಇದು ಕಣೇ ಬಂಗಲೆ! ಇದು ಕಲ್ಲಿದ್ದಲು ಕೋಣೆ. ಇಲ್ಲೊಂದು ಬಾವಿ ಇತ್ತು, ಮುಚ್ಚಿಬಿಟ್ಟಿದ್ದಾರೆ ಅಯ್ಯೋ. ಇದು ಅಡುಗೆಯವಳ ಕಿಟಕಿ, ಆಗ ಇಷ್ಟು ಕೆಳಗಿರಲಿಲ್ಲ. ಮತ್ತೆ ಇದು..." ಅವಳು ಒಂದು ಬಾಗಿಲ ಮುಂದೆ ನಿಂತಳು. ಬಾಗಿಲ ಮೇಲೆ 'ಮಹಿಳೆಯರು' ಎಂಬ ಫಲಕವಿತ್ತು. "ಅಯ್ಯಯ್ಯೋ! ನಮ್ಮಮ್ಮ ಇಸ್ತ್ರಿ ಮಾಡ್ತಿದ್ದ ಕೋಣೆಗೆ ಕಕ್ಕಸು ಕಟ್ಟಿದ್ದಾರಲ್ಲೇ!"

ಗೋಡೆಗೆ ಕೈ ಕೊಟ್ಟುಕೊಂಡು ಅಮ್ಮ ನಗತೊಡಗಿದಳು. ಕಣ್ಣಲ್ಲಿ ನೀರು ಬರುವ ತನಕ.

"ಅಜ್ಜಿ, ನಾನು ಒಳಗೆ ಹೋಗ್ಲಾ ಬೇಡ್ವಾ?" ಮಗಳು ಕಾಲು ಬದಲಿಸುತ್ತಾ ಕೇಳಿದಳು.

"ಹೋಗೇ ತಾಯಿ, ಹೋಗು. ನಿಮ್ಮ ಮುತ್ತಜ್ಜಿ ಏನೂ ಅಂದ್ಕೊಳ್ಳಲ್ಲ. ಹೊರಗೆ ಬಂದು ಕೈ ತೊಳ್ಕೊ, ಅವಳಿಗೆ ಕೊಳಕು ಕೈ ಕಂಡ್ರೆ ಆಗ್ತಿರಲಿಲ್ಲ."

ನಾನು ಅಮ್ಮನ ತೋಳು ಹಿಡಿದುಕೊಂಡೆ. "ಮತ್ತೆ ಆಗ ಮುಂದೆ ನಿಂತು ಇದಲ್ಲ ಅಂದೆಯಲ್ಲಮ್ಮ?"

"ಮುಂದೆ ನಾನೆಲ್ಲಿದ್ದೆ?" ಅಮ್ಮನಿಗೆ ಆಶ್ಚರ್ಯ. "ನಾವು ಹಿಂದೆ ಇದ್ವಿ ಅಂತ ಜೀವಮಾನವೆಲ್ಲ ಹೇಳಿದ್ದೀನಿ. ನೀನೂ ಅವನೂ ತಲೆ ಆಡಿಸ್ತಿದ್ರಿ. ಕಿವಿ ಎಲ್ಲಿಟ್ಟಿದ್ರಿ?"

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಹಿಂದೆ ಎಂದರೆ ಹಿಂದಿನ ಕಾಲದಲ್ಲಿ ಎಂದೇ ನಾವು ತಿಳಿದಿದ್ದೆವು. ಅಮ್ಮ ಹೇಳಿದ್ದು ಬಂಗಲೆಯ ಹಿಂಭಾಗದ ಮಾತು. ಮಕ್ಕಳು ಮುಂದೆ ಸುಳಿಯುವ ಹಾಗಿರಲಿಲ್ಲ. ಬರುವುದು ಹೋಗುವುದು ಹಿಂದಿನ ಗೇಟಿನಿಂದ. ಅವಳ ಅಪ್ಪ ಮಾತ್ರ ಕತ್ತರಿ, ಗುದ್ದಲಿ ಹೊತ್ತು ಮುಂದೆ ಹೋಗುತ್ತಿದ್ದರು, ಸಂಜೆ ಮಣ್ಣು ತೊಳೆದುಕೊಂಡು ವಾಪಸ್ ಬರುತ್ತಿದ್ದರು. ಬಂಗಲೆಯನ್ನು ಮಾರಿದಾಗ ಅಮ್ಮನ ಮನೆಯವರು ಗಂಟುಮೂಟೆ ಕಟ್ಟಿಕೊಂಡು ಅದೇ ಹಿಂದಿನ ಗೇಟಿನಿಂದ ಹೊರಟುಹೋದರು. ಅಷ್ಟು ವರ್ಷ ಇದ್ದ ಮನೆಯ ಮುಖವನ್ನು ಅವಳು ನೋಡಿಯೇ ಇರಲಿಲ್ಲ. "ಮುಂದೆ ಗುಲಾಬಿ ಇದೆ ಅಂತಿದ್ರು ಅಪ್ಪ" ಎಂದು ಅವಳು ಹೇಳಿದಾಗಲೆಲ್ಲ, ಪಾಪ, ಒಳ್ಳೆಯ ದಿನ ಬರುತ್ತದೆಂದು ಅಪ್ಪ ಆಸೆ ಹುಟ್ಟಿಸುತ್ತಿದ್ದರೇನೋ ಎಂದುಕೊಂಡಿದ್ದೆ. ಅವರು ಗುಲಾಬಿ ಗಿಡದ ಮಾತಷ್ಟೇ ಆಡಿದ್ದರು.

ನಮ್ಮನ್ನು ಹುಡುಕಿಕೊಂಡು ತಮ್ಮ ಬಂದ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವನೂ ನಕ್ಕ, ಗೋಡೆ ಮುಟ್ಟಿ ನೋಡಿದ. ಆದರೂ ನನ್ನನ್ನು ಪಕ್ಕಕ್ಕೆ ಕರೆದ. "ಖುಷಿಯಾಯ್ತು ಅಕ್ಕ. ಆದ್ರೆ ಹಳೇದು ಎಲ್ಲರಿಗೂ ನೆನಪಿರತ್ತೆ. ನಿನ್ನೆ ಮೊನ್ನೆದು ಇದೆಯಾ ಅನ್ನೋದಲ್ವಾ ಪ್ರಶ್ನೆ?"

"ನಿನ್ನೆದೂ ಇದೆಯಪ್ಪ" ಎಂದಳು ಅಮ್ಮ, ಅಡುಗೆಮನೆಯ ಕಿಟಕಿಯೊಳಗೆ ಇಣುಕುತ್ತಲೇ. "ಅಮ್ಮನ ಸ್ಕ್ರೂ ಸಡಿಲ ಆಗಿದೆ ಅಂತ ನಿನ್ನೆ ಫೋನಲ್ಲಿ ಅಂದೆಯಲ್ಲ. ನಿಮ್ಮಕ್ಕ ಸ್ಪೀಕರ್ ಹಾಕಿದ್ಲು."

ತಮ್ಮನ ಮುಖ ಇಟ್ಟಿಗೆಗಿಂತ ಕೆಂಪಾಯಿತು. ಬಾತ್‌ರೂಮಿನಿಂದ ಬಂದ ಮಗಳು ಏನಾಯಿತು ಏನಾಯಿತು ಎಂದು ಕೇಳುತ್ತಲೇ ಇದ್ದಳು.

ನಾವು ಮತ್ತೆ ಚಾಪೆಗೆ ಬಂದು ಕೂತಾಗ ಬಿಸಿಲು ಏರಿತ್ತು. ಅಮ್ಮ ಮಾತ್ರ ಕೂರಲಿಲ್ಲ. "ಅಡುಗೆಮನೆ ಪಕ್ಕದಲ್ಲಿ ಐಸ್‌ಕ್ರೀಮ್ ಇಟ್ಕೊಂಡಿದ್ದಾರೆ. ತರ್ತೀನಿ, ಇರಿ."

"ನಾನೂ ಬರ್ತೀನಮ್ಮ" ಎಂದು ತಮ್ಮ ಎದ್ದ.

"ಯಾಕೆ, ನಮ್ಮನೆಗೆ ನನಗೆ ದಾರಿ ತೋರಿಸ್ತೀಯಾ?"

ಅವನು ಆದರೂ ಹೆಜ್ಜೆ ಕಿತ್ತಿಟ್ಟ. ನಾನು ಅವನ ಅಂಗಿ ಹಿಡಿದು ಎಳೆದೆ. ಅವನು ನನ್ನನ್ನು ನೋಡಿದ, ಕೂತ. ಅಮ್ಮ ಮಗ್ಗುಲಿನ ಮೂಲೆ ತಿರುಗಿ ಮರೆಯಾದಳು.

ಕಾದೆವು. ತಮ್ಮ ಹುಲ್ಲು ಕಿತ್ತು ಕಿತ್ತು ಗುಡ್ಡೆ ಹಾಕಿದ. ನಾನೂ ಆ ಮೂಲೆಯಿಂದ ಕಣ್ಣು ತೆಗೆಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಮೂಲೆಯಿಂದ ಯಾರು ಯಾರೋ ಬಂದರು, ಅಮ್ಮ ಬರಲಿಲ್ಲ. ಐಸ್‌ಕ್ರೀಮ್ ಹಿಡಿದ ಇನ್ನೊಂದು ಸಂಸಾರವೂ ಬಂತು.

"ಅಕ್ಕ, ಹೋಗಿ ನೋಡಿಬರ್ತೀನಿ."

"ಇನ್ನೊಂದು ಸ್ವಲ್ಪ ಇರೋ."

"ಎಷ್ಟು ಸ್ವಲ್ಪ?"

ಅಷ್ಟರಲ್ಲಿ ಮಗಳು ನಮ್ಮಿಬ್ಬರ ಬೆನ್ನ ಹಿಂದಿನಿಂದ ಕಿರುಚಿದಳು. "ಅಲ್ಲಲ್ಲ! ಆ ಕಡೆ ನೋಡಿ!"

ಬಂಗಲೆಯ ದೊಡ್ಡ ಬಾಗಿಲು ತೆರೆದಿತ್ತು. ಬಿಳಿ ಕಂಬಗಳ ನಡುವೆ ಅಮ್ಮ ನಿಂತಿದ್ದಳು, ಎರಡೂ ಕೈ ತುಂಬ ಐಸ್‌ಕ್ರೀಮ್ ಹಿಡಿದು. ಅವಳ ಹಿಂದೆ ಕಾವಲಿನವನು ಓಡೋಡಿ ಬರುತ್ತಿದ್ದ. "ಅಜ್ಜಿ, ಒಳಗೆ ತಿನ್ನೋದು ತರೋ ಹಾಗಿಲ್ಲ ಅಂತ ಎಷ್ಟು ಸಲ ಹೇಳೋದು!"

"ತಿನ್ನಲಿಲ್ಲವಲ್ಲಪ್ಪ, ಹಾದುಹೋದೆ ಅಷ್ಟೆ" ಎಂದಳು ಅಮ್ಮ.

ಅವಳು ತಕ್ಷಣ ಇಳಿಯಲಿಲ್ಲ. ಮೇಲಿನ ಮೆಟ್ಟಿಲಲ್ಲಿ ನಿಂತು, ಹುಲ್ಲನ್ನೂ ಕಾರಂಜಿಯನ್ನೂ ಎರಡು ಬದಿಯ ಗುಲಾಬಿ ಸಾಲುಗಳನ್ನೂ ತುದಿಯ ತನಕ ನೋಡಿದಳು. ಐಸ್‌ಕ್ರೀಮ್ ಕರಗಿ ಮೊಣಕೈವರೆಗೂ ಹರಿಯುತ್ತಿತ್ತು. ಆಮೇಲೆ ಅಗಲವಾದ ಮೆಟ್ಟಿಲುಗಳ ನಟ್ಟನಡುವೆ, ಯಾವುದನ್ನೂ ಹಿಡಿದುಕೊಳ್ಳದೆ, ಒಂದೊಂದಾಗಿ ಇಳಿದು ಬಂದಳು.

ತಮ್ಮ ಎದ್ದು ನಿಂತಿದ್ದ. ಆದರೆ ಅವಳನ್ನು ಹಿಡಿಯಲು ಓಡಲಿಲ್ಲ. ಅವಳು ಚಾಪೆಯ ತನಕ ಬರಲಿ ಎಂದು ಕಾದ. ಬಂದ ಮೇಲೆ ತನ್ನ ಪಾಲಿನದನ್ನು ಅವಳ ಕೈಯಿಂದ ತೆಗೆದುಕೊಂಡ, ಕರ್ಚೀಫು ತೆಗೆದು ಅವಳ ಮೊಣಕೈ ಒರೆಸಿದ.

"ಇಷ್ಟೊಂದು ಹೊತ್ತು ಯಾಕಮ್ಮ?" ಎಂದು ಕೇಳಿದ.

"ಅಪ್ಪ ದಿನಾ ಎಲ್ಲಿಗೆ ಹೋಗ್ತಿದ್ರು ಅಂತ ನೋಡ್ಬೇಡ್ವೇನೋ?" ಎಂದಳು ಅಮ್ಮ. "ತಿನ್ನು ಬೇಗ, ಸುರೀತಾ ಇದೆ."