ಹೊಳೆಪ್ಪ ಒರೆಸಿದ ಹಸಿರು

ಬಣ್ಣಕ್ಕೂ ನೀರಡಿಕೆ ಉಂಟು ಎಂದು ನವಲಗುಂದದ ಮಶಾಕಸಾಬ ನಂಬಿದ್ದ. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷ ಮೋಟಾರುಗಳಿಗೆ ಪಾಲೀಶು ಮಾಡಿ ಊರಿಗೆ ಮರಳಿದವನು. ಹಳೆಯ ಕಾರಿಗೆ ಕೈ ಹಚ್ಚುವ ಮುಂಚೆ ಬಿಸ್ಮಿಲ್ಲಾ ಅನ್ನುತ್ತಿದ್ದ. ಎಣ್ಣೆ ಸವರಿ, ಬಣ್ಣ ಅದನ್ನು ಕುಡಿಯಲೆಂದು ಒಂದು ದಿನ ಬಿಡುತ್ತಿದ್ದ. ಆಮೇಲಷ್ಟೇ ಒರೆಸುವ ಅರಿವೆ ಹಿಡಿಯುತ್ತಿದ್ದ.

ಶಂಭುಲಿಂಗಪ್ಪಗೌಡರ ಮಾರಿಸ್ ಕಾರು ಮೂರು ವರ್ಷ ಕಣದ ಬಿಸಿಲಲ್ಲಿ ನಿಂತು, ಅದರ ಕಡುಹಸಿರು ಬೆಳ್ಳಗೆ ಸುಣ್ಣವಾಗಿತ್ತು.

"ಗೌಡ್ರ, ಇದು ಮೋಟಾರೋ, ವಿಭೂತಿ ಗಟ್ಟೀನೋ?"

ಗೌಡರು ನಗಲಿಲ್ಲ. "ಹೊಸಾ ಬಣ್ಣಾ ಹಚ್ಚಬ್ಯಾಡ. ನಮ್ಮ ಹೊಳೆಪ್ಪ ದಿನಾ ಮುಂಜಾನಿ ತನ್ನ ಕೈಲೆ ಒರಸ್ತಿದ್ದ. ಅಂವ ಮುಟ್ಟಿದ ಬಣ್ಣಾನ ಬೇಕು ನನಗ. ಆಗತೈತೇನು?"

"ದೇವರ ಮನಸ್ಸಿದ್ರ ಆಗತೈತ್ರಿ. ಇದಕ್ಕ ಮ್ಯಾಲೊಂದು ಒಳಗೊಂದು ಇಲ್ರಿ, ಕೆಳಗಿನ ಅಸ್ತರಿನ ಮಟಾ ಒಂದ ಬಣ್ಣ. ಸತ್ತದ್ದು ಒರಸಿ ತಗದ್ರ ಜೀವ ಇದ್ದದ್ದು ಕೆಳಗಿರತೈತಿ. ಖರೆ, ಹೆಚ್ಚು ತಿಕ್ಕಿದ್ರ ಅದೂ ಅರಿವಿಗೇ ಬರತೈತಿ."

ಹೊಳೆಪ್ಪ ಗೌಡರ ಒಬ್ಬನೇ ಮಗ. ಮೂರು ವರ್ಷದ ಹಿಂದೆ ಹತ್ತಿ ಹೊಲದಲ್ಲಿ ಕೊಳಕುಮಂಡಲ ಹಾವು ಕಚ್ಚಿ, ಇದೇ ಕಾರಿನಲ್ಲಿ ಹುಬ್ಬಳ್ಳಿಗೆ ಒಯ್ಯುವಾಗ ಹಾದಿಯಲ್ಲೇ ತೀರಿದ್ದ. ಕಾರು ನಡೆಸಿದವರು ಗೌಡರು. ಹಿಂದಿನ ಸೀಟಿನಲ್ಲಿ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತವಳು ತಾಯಿ ಸಾವಿತ್ರೆವ್ವ.

ಎರಡು ದಿನಕ್ಕೆ ಕಾರಿನ ಮುಂಭಾಗ ಮಳೆಯಲ್ಲಿ ತೊಯ್ದ ಬೇವಿನೆಲೆಯಂತಾಯಿತು. ಗೌಡರು ಬಂದು ಅಂಗೈ ಇಟ್ಟರು, ಬಹಳ ಹೊತ್ತು ತೆಗೆಯಲಿಲ್ಲ.

ಮೂರನೆಯ ದಿನ ಮಶಾಕಸಾಬ ಎಡಗಡೆಯ ಹಿಂದಿನ ಬಾಗಿಲಿಗೆ ಬಂದ. ಒಮ್ಮೆ ಸವರಿದ್ದಕ್ಕೇ ಅರಿವೆಯ ತುಂಬ ಹಸಿರು ಬಂತು. ಕಿಟಕಿಯ ಕೆಳಗೆ ಬಣ್ಣ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿತ್ತು, ಅಡ್ಡಾದಿಡ್ಡಿ ಗೀರುಗಳು ಬೇರೆ. ಬಿಸಿಲು ಹೀಗೆ ಗೀರುವುದಿಲ್ಲ. ಮಶಾಕಸಾಬ ಕೈ ತೆಗೆದ.

ಮಜ್ಜಿಗೆ ತಂದಿದ್ದ ಸಾವಿತ್ರೆವ್ವ ಅದನ್ನು ನೋಡಿದಳು. ತಂಬಿಗೆ ಕೆಳಗಿಟ್ಟಳು.

"ಮಶಾಕಣ್ಣ, ಅದು ನಾ ತಿಕ್ಕಿದ್ದು. ನನ್ನ ಕೂಸು ಕಿಟಕ್ಯಾಗಿಂದ ರಕ್ತಾ ಕಾರಿತ್ತು. ಗಂಡಸರು ಮಣ್ಣಿಗೆ ಹೋದಾಗ ಒಲಿ ಬೂದಿ, ತೆಂಗಿನ ನಾರು ತಗೊಂಡು, ಕೊಡಾ ತಿಕ್ಕಿಧಂಗ ತಿಕ್ಕಿಬಿಟ್ಟೆ. ಬ್ಯಾರೆ ಹೆಂಗ ತೊಳೀಬೇಕು ನನಗೇನು ಗೊತ್ತು? ಇವರ ಮುಂದ, ನಿದ್ದಿ ಮಾಡಿಧಂಗ ಹೋದ ಅಂತ ಹೇಳೀನಿ. ನೀ ಬಾಯಿ ಬಿಡಬ್ಯಾಡೋ ಯಪ್ಪಾ."

"ನಿಮ್ಮಾಣಿ, ಬಿಡೂದಿಲ್ರಿ ಅವ್ವಾರ," ಎಂದ.

ಸಂಜೆಗೆ ಬಂದ ಗೌಡರ ಕಣ್ಣು ನೇರ ಅಲ್ಲಿಗೇ ಹೋಯಿತು. "ಇಲ್ಲ್ಯಾಕ ಬಿಟ್ಟಿ?"

"ಇಲ್ಲಿ ಬಣ್ಣಾ ಉಳದಿಲ್ರಿ. ಬರೇ ಎಣ್ಣಿ ಕೈ ಆಡಸ್ತೀನಿ, ತಿಕ್ಕೂದು ಬ್ಯಾಡ."

"ಎಲ್ಲಾ ಕಡೆ ಐತಿ, ಇಲ್ಲಷ್ಟ ಎಲ್ಲಿ ಹೋತು? ವಯಸ್ಸಾತು ನಿನಗ, ರಟ್ಟ್ಯಾಗ ಕಸುವಿಲ್ಲ. ಕೊಡಿಲ್ಲೆ!"

ಅರಿವೆ ಕಿತ್ತುಕೊಂಡರು. ಮಶಾಕಸಾಬನ ನಾಲಗೆಯ ತುದಿಗೆ ಮಾತು ಬಂತು. ಕೊಟ್ಟ ಆಣೆ ಅದನ್ನು ನುಂಗಿತು. ಗೌಡರು ಮಗನ ಹೆಸರು ಹಿಡಿದು, ದೇವರು ಲಿಂಗಯ್ಯನ ಹೆಸರು ಹಿಡಿದು ತಿಕ್ಕಿದರು. ಹಸಿರು ತೆಳ್ಳಗಾಯಿತು, ಅದರಡಿ ತಗಡಿಗೆ ಮೊದಲು ಬಳಿದಿದ್ದ ಕೆಂಪು ಅಸ್ತರು ಮೂಡಿತು, ಅದೂ ಹೋಗಿ ತಗಡು ಕಂಡಿತು. ಆದರೂ ಕೈ ನಿಲ್ಲಲಿಲ್ಲ.

"ಸಾಕ್ರೀ!" ಮನೆಯ ಬಾಗಿಲಲ್ಲಿ ನಿಂತ ಸಾವಿತ್ರೆವ್ವ ಚೀರಿದಳು. "ಅವತ್ತ ನಾನ ತಿಕ್ಕೀನಿ ಅದನ್ನ. ರಕ್ತಾ ಇತ್ತು."

ಗೌಡರ ಕೈ ನಿಂತಿತು. "ನಿದ್ದಿ ಮಾಡಿಧಂಗ ಹೋದ ಅಂದಿದ್ದಿ."

"ಅಂದಿದ್ದೆ."

"ನನ್ನ ಕರದನೇನು?"

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. "ಕರದ. ಎರಡ ಸಲ. ಗಾಡಿ ಸಪ್ಪಳದಾಗ ನಿಮಗ ಕೇಳಲಿಲ್ಲ. ನಿಲ್ಲಿಸಿದ್ರ ಹೊತ್ತಾಗತೈತಿ ಅಂತ ನಾ ಹೇಳಲಿಲ್ಲ."

ಗೌಡರು ಅರಿವೆಯನ್ನು ಮಡಚಿ ಮಶಾಕಸಾಬನ ಕೈಗೆ ಕೊಟ್ಟರು. ಯಾರನ್ನೂ ಬೈಯಲಿಲ್ಲ. ಮನೆಯೊಳಗೂ ಹೋಗದೆ, ಹತ್ತಿ ಹೊಲದ ದಾರಿ ಹಿಡಿದು ನಡೆದರು.

ಬರಿಯ ತಗಡು ಹಾಗೇ ಬಿಟ್ಟರೆ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತದೆ. ಮಶಾಕಸಾಬ ಕೂತು, ಬೊಗಸೆಯಗಲದ ಆ ಗಾಯಕ್ಕೆ ಎಣ್ಣೆ ಹಚ್ಚತೊಡಗಿದ. ಸಾವಿತ್ರೆವ್ವ ಬಂದು ಬಾಜು ಕೂತಳು. ಅವನು ಹಚ್ಚುತ್ತಲೇ ಇದ್ದ. ತಗಡು ಎಣ್ಣೆ ಕುಡಿಯಲಿಲ್ಲ.