ಕಲ್ಲವ್ವ ಕೂಡಿಸಿದ ನೀಲಿ

ಪುಣೆಯ ಧನಕವಡಿಯ ಒಂದು ಗ್ಯಾರೇಜಿನಲ್ಲಿ ಹುಲಿಗೆಪ್ಪ ಇಪ್ಪತ್ತು ವರ್ಷದಿಂದ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದ. ಬಣ್ಣಕ್ಕೆ ಬಣ್ಣ ಕೂಡಿಸುವುದರಲ್ಲಿ ಅವನ ಕಣ್ಣು ತಪ್ಪುವುದಿಲ್ಲ ಎಂಬ ಹೆಸರಿತ್ತು. 2003ರ ಹೊತ್ತಿಗೆ ಆ ಕಣ್ಣಿಗೆ ಪೊರೆ ಬರತೊಡಗಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಆ ವರ್ಷ ಮನೋಹರ ಎಂಬ ಧಾರವಾಡ ಕಡೆಯ ಆರ್ಕಿಟೆಕ್ಟ್ ತಮ್ಮ ಹಳೆಯ ನೀಲಿ ಸ್ಪೋರ್ಟ್ಸ್ ಕಾರು ತಂದರು. ಮುಂದಿನ ಬಂಪರ್ ಒಡೆದಿತ್ತು. ಪರದೇಶದ ಗಾಡಿ, ಕಂಪನಿಯ ಬಿಡಿಭಾಗ ಸಿಗುವಂತಿರಲಿಲ್ಲ. ಹುಲಿಗೆಪ್ಪ ಮುಂಬಯಿಯಲ್ಲಿ ಎರಡು ದಿನ ಅಲೆದು, ಯಾರೋ ಅಚ್ಚು ತೆಗೆದು ಮಾಡಿದ್ದ ಫೈಬರ್ ಬಂಪರ್ ಹುಡುಕಿ ತಂದ. ಬೋಲ್ಟಿನ ತೂತುಗಳು ಒಂದಕ್ಕೊಂದು ಕೂಡಲಿಲ್ಲ. ಅಂಚು ಕೊರೆದು, ಸಂದಿಗೆ ಪುಟ್ಟಿ ಮೆತ್ತಿ, ನಾಲ್ಕು ಸಲ ಬಿಚ್ಚಿ ಕೂಡಿಸಿದ ಮೇಲೆ ಬಾನೆಟ್ಟಿನ ಸಾಲಿಗೆ ಬಂತು.

ಉಳಿದದ್ದು ಬಣ್ಣ. ಹತ್ತು ವರ್ಷದ ಬಿಸಿಲಿಗೆ ಕಾರಿನ ನೀಲಿ ಮಾಸಿತ್ತು, ಬಣ್ಣದ ಡಬ್ಬಿಯ ಮೇಲಿನ ನಂಬರು ನಂಬುವಂತಿರಲಿಲ್ಲ. ಹುಲಿಗೆಪ್ಪ ತಾನೇ ಕೂಡಿಸಿ, ತಗಡಿನ ತುಂಡಿಗೆ ಹೊಡೆದು, ಕಾರಿನ ಬಾಗಿಲಿಗೆ ಹಿಡಿದು ನೋಡಿದ. ಅವನಿಗೆ ಎರಡೂ ಒಂದೇ ಆಗಿ ಕಂಡವು.

"ಹಸರ ಹೊಡೀತದಲ್ಲ ಯಣ್ಣಾ," ಎಂದಳು ಕಲ್ಲವ್ವ. ಯಾದಗಿರಿ ಕಡೆಯಿಂದ ಕಟ್ಟಡದ ಕೂಲಿಗೆಂದು ಪುಣೆಗೆ ಬಂದು, ಆಮೇಲೆ ಇಲ್ಲಿ ಗಾಡಿಗಳಿಗೆ ನೀರು ಹಾಕಿ ಸ್ಯಾಂಡ್ ಪೇಪರ್ ಉಜ್ಜುವ ಕೆಲಸ ಹಿಡಿದವಳು.

"ಎಲ್ಲಿ?"

"ಬಿಸಲಿಗಿ ಹಿಡದು ನೋಡು. ನಾ ಕೂಡಸ್ಲ್ಯಾ?"

ಎರಡು ಹನಿ ಕೆಂಪು, ಚೂರು ಬಿಳಿ. ಕೂಡಿಸಿದ್ದೆಲ್ಲ ಅವಳೇ, ಹುಲಿಗೆಪ್ಪ ಸ್ಪ್ರೇ ಗನ್ ಹಿಡಿದನಷ್ಟೇ.

ಮನೋಹರ ಬಂಪರ್ ಸವರಿ ನೋಡಿ, "ಎಂಥಾ ಕಣ್ಣರೀ ನಿಮ್ಮವು!" ಎಂದರು. ಕಲ್ಲವ್ವ ಬಕೆಟ್ಟು ಹಿಡಿದು ಅಲ್ಲೇ ನಿಂತಿದ್ದಳು.

"ರೂಢಿ ಅದರಿ," ಎಂದ ಹುಲಿಗೆಪ್ಪ.

ಮನೋಹರರ ಮಾತಿನಿಂದಲೇ ಅವರ ಗೆಳೆಯನ ದೊಡ್ಡ ವರ್ಕ್‌ಶಾಪಿನಲ್ಲಿ ಅವನಿಗೆ ಮುಖ್ಯ ಪೇಂಟರ್ ಕೆಲಸ ಸಿಕ್ಕಿತು. ಹದಿನೈದು ದಿನದಲ್ಲಿ ಮೂರು ಕಾರು ಬಣ್ಣ ಕೂಡದೆ ವಾಪಸು ಬಂದವು. ಬೈಸಿಕೊಂಡದ್ದನ್ನು ಹೇಗೋ ನುಂಗಿದ. ಬಕೆಟ್ಟು ಹಿಡಿದು ನಿಂತಿದ್ದವಳ ಮುಖವನ್ನು ಮಾತ್ರ ಮರೆಯಲಾಗಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಮನೋಹರರ ಆಫೀಸಿಗೆ ಹೋದ. ಕೂತುಕೊಳ್ಳಲೂ ಇಲ್ಲ.

"ಸಾಹೇಬ್ರ, ನನ್ನ ಕಣ್ಣಿಗೆ ಪೊರಿ ಬಂದದರಿ. ಆ ನೀಲಿ ಕೂಡಿಸಿದಾಕಿ ಕಲ್ಲವ್ವ."

"ಅವತ್ತ ಯಾಕ ಹೇಳಲಿಲ್ಲ?"

"ಹೆಸರು ಹೋದೀತಂತ ಅಂಜಿದ್ನರಿ."

"ಆಕಿನ್ನ ಕರಕೊಂಡ ಬರ್ರಿ. ನಾ ಗೆಳೆಯಗ ಹೇಳ್ತೀನಿ."

ಹಳೆಯ ಗ್ಯಾರೇಜಿನಲ್ಲಿ ಅವಳಿರಲಿಲ್ಲ. ಅಲ್ಲಿಗೆ ಬಂದ ಹೊಸ ಪೇಂಟರ್ ತನ್ನವರನ್ನು ಸೇರಿಸಿಕೊಂಡು ಅವಳನ್ನು ಕೆಲಸದಿಂದ ಬಿಡಿಸಿದ್ದ. ಕಾತ್ರಜ್ ಹತ್ತಿರ ಏಳುತ್ತಿದ್ದ ಕಟ್ಟಡದಲ್ಲಿ ಸಿಮೆಂಟಿನ ಬುಟ್ಟಿ ಹೊತ್ತು ಬರುತ್ತಿರುವಾಗ ಸಿಕ್ಕಳು. ಹುಲಿಗೆಪ್ಪ ಎಲ್ಲ ಹೇಳಿದ. ಅವಳು ಬುಟ್ಟಿ ಇಳಿಸಲಿಲ್ಲ.

"ನೀ ಹೋದ ಮರದಿನಾನ ನನ್ನ ಬಿಡಿಸಿದ್ರು. ಗೊತ್ತಿತ್ತೇನು?"

"ಇಲ್ಲವ್ವ."

"ಕೇಳಲೂ ಇಲ್ಲ ನೀ."

ಮೂರನೆಯ ದಿನ ಅವಳು ವರ್ಕ್‌ಶಾಪಿಗೆ ಬಂದಳು. ಅಂದಿನಿಂದ ಬಣ್ಣ ಕೂಡಿಸುವುದು ಅವಳ ಕೆಲಸವಾಯಿತು, ಹುಲಿಗೆಪ್ಪ ಪೇಪರ್ ಉಜ್ಜತೊಡಗಿದ. ಗಿರಾಕಿಗಳು ರೂಢಿಯಂತೆ ಅವನನ್ನೇ ಹೊಗಳಿದಾಗ, "ನಾ ಅಲ್ರಿ, ಆಕಿ," ಎಂದು ಕೈ ತೋರಿಸುತ್ತಿದ್ದ. ಕಲ್ಲವ್ವ ಕೆಲಸದ ಮಾತು ಬಿಟ್ಟು ಬೇರೇನನ್ನೂ ಬಹಳ ದಿನ ಅವನೊಡನೆ ಆಡಲಿಲ್ಲ. ಅವನೂ ಮಾತಾಡೆಂದು ಕೇಳಲಿಲ್ಲ.